ಮೇರಿ ಆನಿಂಗ್: ಸಿಕ್ಕಿದ ಕಲ್ಲು ಯಾರದು?

ಮಕ್ಕಳೇ, 1839ರಲ್ಲಿ ಇಂಗ್ಲೆಂಡಿನ ದಕ್ಷಿಣ ಕಡಲ ತೀರದಲ್ಲಿರುವ ಲೈಮ್ ರೀಜಿಸ್ ಎಂಬ ಪುಟ್ಟ ಊರಿಗೆ ಮೂವರು ದೊಡ್ಡ ವಿದ್ವಾಂಸರು ಒಟ್ಟಿಗೆ ಬಂದರು. ಒಬ್ಬರು ವಿಲಿಯಂ ಬಕ್‌ಲ್ಯಾಂಡ್. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಭೂವಿಜ್ಞಾನ ಕಲಿಸುತ್ತಿದ್ದವರು. ಇನ್ನೊಬ್ಬರು ವಿಲಿಯಂ ಕಾನಿಬೇರ್. ಇವರು ಚರ್ಚಿನ ಪಾದ್ರಿ, ಜೊತೆಗೆ ಹೆಸರಾಂತ ಭೂವಿಜ್ಞಾನಿ. ಮೂರನೆಯವರು ರಿಚರ್ಡ್ ಓವೆನ್. ಇವರ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಆದರೆ ಮೂರು ವರ್ಷಗಳ ನಂತರ, 1842ರಲ್ಲಿ, ಇವರು ಹುಟ್ಟುಹಾಕಿದ ಒಂದು ಪದ ನಿಮಗೆಲ್ಲರಿಗೂ ಗೊತ್ತು: ಡೈನೋಸಾರ್!

ಈ ಮೂವರೂ ಬಂದದ್ದು ಪಳೆಯುಳಿಕೆಗಳನ್ನು ಹುಡುಕಲು. ಪುಸ್ತಕಗಳನ್ನು ಓದಿದವರು, ಬರೆದವರು. ಆದರೂ ಆ ತೀರದಲ್ಲಿ ಯಾವ ಕಲ್ಲಿನ ಪದರದಲ್ಲಿ ಏನು ಸಿಗುತ್ತದೆ, ಸಮುದ್ರ ಎಷ್ಟು ಹೊತ್ತಿಗೆ ಮೇಲೇರಿ ದಾರಿ ಮುಚ್ಚುತ್ತದೆ ಎಂಬುದನ್ನು ಹೇಳಲು ಅವರಿಗೆ ಬೇರೊಬ್ಬರು ಬೇಕಾಗಿತ್ತು. ಗುಂಪಿನ ಮುಂದೆ ನಡೆದು ದಾರಿ ತೋರಿಸಿದವಳು ಒಬ್ಬ ಬಡಗಿಯ ಮಗಳು. ಆಗ ಆಕೆಗೆ 40 ವರ್ಷ. ಕಾಲೇಜಿನ ಮಾತಿರಲಿ, ಶಾಲೆಯ ಓದೂ ಆಕೆಗೆ ಸರಿಯಾಗಿ ಸಿಕ್ಕಿರಲಿಲ್ಲ. ಆಕೆಯೇ ಮೇರಿ ಆನಿಂಗ್.

ಇಂಥ ತಿರುಗಾಟ ಮೇರಿಗೆ ಹೊಸದಲ್ಲ. ಗುಂಪಾಗಿ ಹೋಗುವುದು, ಹುಡುಕುವುದು, ಸಿಕ್ಕಿದ್ದನ್ನು ತಂದು ಹರಡಿಕೊಂಡು ನೋಡುವುದು. ಕಷ್ಟ ಇರುವುದು ಅದರ ಮುಂದೆ. ಕಲ್ಲನ್ನು ಕಂಡವರು ಒಬ್ಬರು, ದುಡ್ಡು ಕೊಟ್ಟು ಕೊಂಡವರು ಇನ್ನೊಬ್ಬರು, ಅದರ ಬಗ್ಗೆ ಲೇಖನ ಬರೆದವರು ಮತ್ತೊಬ್ಬರು. ಹಾಗಾದರೆ ಅದು ಯಾರ ಶೋಧ? ದುಡ್ಡು ಯಾರಿಗೆ, ಹೆಸರು ಯಾರಿಗೆ? ಮೇರಿಯ ಬದುಕಿನುದ್ದಕ್ಕೂ ಈ ಪ್ರಶ್ನೆ ಬೆನ್ನು ಹತ್ತಿತ್ತು. ಕೆಲವರು ನ್ಯಾಯವಾಗಿ ನಡೆದುಕೊಂಡರು, ಕೆಲವರು ಇಲ್ಲ. ಒಂದೊಂದಾಗಿ ನೋಡೋಣ.

ಹಾವಿನ ಕಲ್ಲುಗಳ ಊರು

ಮೊದಲು ಆ ಊರನ್ನು ತಿಳಿಯೋಣ. ಲೈಮ್ ರೀಜಿಸ್‌ನ ಕಡಲ ಅಂಚಿನಲ್ಲಿ ಗೋಡೆಯಂತೆ ಎದ್ದುನಿಂತ ದಿಬ್ಬಗಳಿವೆ. ಅವುಗಳಲ್ಲಿ ಒಂದು ಪದರ ಸುಣ್ಣಕಲ್ಲು, ಅದರ ಮೇಲೊಂದು ಪದರ ಕಪ್ಪು ಜೇಡಿಕಲ್ಲು, ಮತ್ತೆ ಸುಣ್ಣಕಲ್ಲು. ಹೀಗೆ ಚಪಾತಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುತ್ತದೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಈ ಪದರಗಳೆಲ್ಲ ಒಂದು ಬೆಚ್ಚನೆಯ ಸಮುದ್ರದ ತಳದ ಕೆಸರಾಗಿದ್ದವು. ಸತ್ತ ಪ್ರಾಣಿಗಳು ತಳಕ್ಕೆ ಮುಳುಗಿದವು. ಮಾಂಸ ಕೊಳೆತುಹೋಯಿತು. ಮೂಳೆ ಮತ್ತು ಚಿಪ್ಪುಗಳು ಕೆಸರಿನಲ್ಲಿ ಹೂತುಹೋದವು. ಅವುಗಳ ಸಣ್ಣ ಸಣ್ಣ ರಂಧ್ರಗಳಿಗೆ ನೀರಿನೊಂದಿಗೆ ಖನಿಜಗಳು ಇಳಿದವು. ಕೆಸರು ಬಂಡೆಯಾಯಿತು, ಮೂಳೆಯೂ ಕಲ್ಲಾಯಿತು. ಮುಂದೆ ನೆಲ ಮೇಲೆದ್ದು ಆ ತಳವೇ ದಿಬ್ಬವಾಯಿತು.

ಈಗಲೂ ಅಲೆಗಳು ಆ ದಿಬ್ಬಗಳ ಬುಡವನ್ನು ಕೊರೆಯುತ್ತವೆ. ಚಳಿಗಾಲದ ಬಿರುಗಾಳಿ, ಮಳೆಗೆ ಗೋಡೆ ಕುಸಿಯುತ್ತದೆ. ಕುಸಿದ ಮಣ್ಣಿನಲ್ಲಿ ಹೊಸ ಪಳೆಯುಳಿಕೆಗಳು ಹೊರಬೀಳುತ್ತವೆ. ಅವನ್ನು ಬೇಗ ಎತ್ತಿಕೊಳ್ಳಬೇಕು. ತಡಮಾಡಿದರೆ ಸಮುದ್ರ ಎಳೆದೊಯ್ಯುತ್ತದೆ. ಅಂದರೆ ಹುಡುಕಲು ಒಳ್ಳೆಯ ಕಾಲವೂ ಚಳಿಗಾಲವೇ, ಜೀವಕ್ಕೆ ಅಪಾಯದ ಕಾಲವೂ ಚಳಿಗಾಲವೇ.

ಅಲ್ಲಿ ಅತಿ ಹೆಚ್ಚು ಸಿಗುವುದು ಅಮೋನೈಟ್. ಚಕ್ಕುಲಿಯಂತೆ ಸುರುಳಿ ಸುತ್ತಿದ ಚಿಪ್ಪು. ಒಳಗೆ ಬದುಕಿದ್ದುದು ಈಗಿನ ಸ್ಕ್ವಿಡ್‌ಗಳ ದೂರದ ಸಂಬಂಧಿ. ಊರಿನ ಜನ ಇದನ್ನು ಕಲ್ಲಾದ ಹಾವು ಎಂದು ನಂಬಿದ್ದರು. ನಮ್ಮಲ್ಲಿ ಕೆಲವರ ಮನೆಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇರುತ್ತದಲ್ಲವೇ? ನೇಪಾಳದ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮಗಳಲ್ಲಿ ಅನೇಕವು ಅಮೋನೈಟ್ ಪಳೆಯುಳಿಕೆಗಳೇ. ಅದರೊಳಗಿನ ಚಕ್ರದ ಗುರುತು ಅಮೋನೈಟ್ ಚಿಪ್ಪಿನ ಸುರುಳಿ. ನೋಡಿ, ಒಂದೇ ಬಗೆಯ ಜೀವಿ, ಒಂದು ಕಡೆ ಹಾವಾಯಿತು, ಇನ್ನೊಂದು ಕಡೆ ವಿಷ್ಣುವಿನ ಚಕ್ರವಾಯಿತು.

ಬಡಗಿಯ ಮನೆ

ಮೇರಿ ಹುಟ್ಟಿದ್ದು 1799ರ ಮೇ 21ರಂದು. ತಂದೆ ರಿಚರ್ಡ್ ಮರದ ಬೀರು ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ತಾಯಿಯ ಹೆಸರೂ ಮೇರಿಯೇ. ಮನೆಯಲ್ಲಿ ಮಕ್ಕಳು ಅನೇಕರು ಹುಟ್ಟಿದರೂ ದೊಡ್ಡವರಾಗುವತನಕ ಬದುಕಿದವರು ಇಬ್ಬರೇ: ಅಣ್ಣ ಜೋಸೆಫ್ ಮತ್ತು ಮೇರಿ. ಮೇರಿಗಿಂತ ಮೊದಲು ಹುಟ್ಟಿದ್ದ ಅಕ್ಕನೊಬ್ಬಳು ಬಟ್ಟೆಗೆ ಬೆಂಕಿ ತಗಲಿ ತೀರಿಕೊಂಡಿದ್ದಳು. ಅವಳ ಹೆಸರನ್ನೇ ಇವಳಿಗೆ ಇಟ್ಟರು.

ಮೇರಿಗೆ ಒಂದು ವರ್ಷ ತುಂಬಿ ಮೂರು ತಿಂಗಳಾಗಿದ್ದಾಗ ಒಂದು ಘಟನೆ ನಡೆಯಿತು. 1800ರ ಆಗಸ್ಟ್ 19. ಊರಿನ ಬಯಲಿನಲ್ಲಿ ಕುದುರೆ ಸವಾರಿಯ ಪ್ರದರ್ಶನ. ನೆರೆಮನೆಯ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಹೋಗಿದ್ದಳು. ಮಳೆ ಬಂತು. ಅವಳೂ ಇನ್ನಿಬ್ಬರು ಹೆಂಗಸರೂ ಒಂದು ಮರದ ಕೆಳಗೆ ನಿಂತರು. ಸಿಡಿಲು ಬಡಿದು ಮೂವರೂ ಸತ್ತರು. ತೋಳಿನಲ್ಲಿದ್ದ ಮಗು ಬದುಕಿತು. ಅವಳ ಚುರುಕುತನಕ್ಕೆ ಆ ಸಿಡಿಲೇ ಕಾರಣ ಎಂದು ಊರಿನವರು ಹೇಳಿಕೊಳ್ಳುತ್ತಿದ್ದರು. ಇದನ್ನು ನೀವು ನಂಬಬೇಕಿಲ್ಲ. ಆದರೆ ಗುಡುಗು ಮಳೆಯಲ್ಲಿ ಮರದ ಕೆಳಗೆ ನಿಲ್ಲಬಾರದು ಎಂಬುದನ್ನು ಮಾತ್ರ ಮರೆಯಬೇಡಿ.

ತಂದೆ ಬಿಡುವಾದಾಗ ಮಕ್ಕಳಿಬ್ಬರನ್ನೂ ಕರೆದುಕೊಂಡು ತೀರಕ್ಕೆ ಹೋಗುತ್ತಿದ್ದರು. ಕಲ್ಲುಗಳನ್ನು ಆರಿಸಿ ತಂದು, ಉಜ್ಜಿ, ಮನೆಯ ಮುಂದೆ ಮೇಜಿನ ಮೇಲೆ ಇಡುತ್ತಿದ್ದರು. ಊರಿಗೆ ಸಮುದ್ರ ಸ್ನಾನಕ್ಕೆಂದು ಬರುವ ಸಿರಿವಂತರು ಅವನ್ನು ಕೊಳ್ಳುತ್ತಿದ್ದರು. ಮೇರಿಯ ಮೊದಲ ಪಳೆಯುಳಿಕೆ ಹುಡುಕಾಟದ ಗುಂಪೆಂದರೆ ಅಪ್ಪ, ಅಣ್ಣ ಮತ್ತು ಅವಳು. ಸಿಕ್ಕಿದ್ದೆಲ್ಲ ಒಂದೇ ಒಲೆಗೆ ಸೇರುತ್ತಿತ್ತು. ಅಲ್ಲಿ ಯಾರದು ಎಂಬ ಪ್ರಶ್ನೆ ಏಳಲಿಲ್ಲ.

1810ರಲ್ಲಿ ತಂದೆ ತೀರಿಕೊಂಡರು. ದಿಬ್ಬದಿಂದ ಬಿದ್ದ ಪೆಟ್ಟು ಒಂದು ಕಡೆ, ಕ್ಷಯ ಇನ್ನೊಂದು ಕಡೆ. 44 ವರ್ಷ ವಯಸ್ಸು. ಮನೆಗೆ ಉಳಿದದ್ದು 120 ಪೌಂಡ್ ಸಾಲ. ಕುಟುಂಬ ಊರಿನ ಬಡವರ ನಿಧಿಯಿಂದ ಬರುವ ನೆರವಿನಲ್ಲಿ ಹೊಟ್ಟೆ ಹೊರೆಯಬೇಕಾಯಿತು. ಮೇರಿ ಓದುಬರಹ ಕಲಿತದ್ದು ಭಾನುವಾರ ಚರ್ಚಿನಲ್ಲಿ ನಡೆಯುತ್ತಿದ್ದ ಪಾಠಶಾಲೆಯಲ್ಲಿ. ಅಷ್ಟೇ ಅವಳ ಶಾಲೆ. ಆಮೇಲೆ ದಿಬ್ಬವೇ ಶಾಲೆ.

ಅಣ್ಣ ಕಂಡ ತಲೆ, ತಂಗಿ ಕಂಡ ದೇಹ

1811ರಲ್ಲಿ ಜೋಸೆಫ್‌ಗೆ ತೀರದಲ್ಲಿ ನಾಲ್ಕು ಅಡಿ ಉದ್ದದ ಒಂದು ತಲೆಬುರುಡೆ ಸಿಕ್ಕಿತು. ಉದ್ದ ಮೂತಿ, ಸಾಲು ಹಲ್ಲು, ತಟ್ಟೆಯಂಥ ಕಣ್ಣಿನ ಗೂಡು. ಉಳಿದ ದೇಹ ಎಲ್ಲಿ? ಜೋಸೆಫ್ ಕೆಲಸ ಕಲಿಯಲು ಹೋಗಬೇಕಾಗಿತ್ತು. ಹುಡುಕಾಟ ತಂಗಿಯ ಪಾಲಿಗೆ ಬಂತು. 1812ರಲ್ಲಿ ಮೇರಿ ಅಸ್ಥಿಪಂಜರದ ಉಳಿದ ಭಾಗವನ್ನು ಪತ್ತೆಹಚ್ಚಿದಳು. ಆಗ ಅವಳು ನಿಮ್ಮ ವಯಸ್ಸಿನವಳೇ, 12-13 ವರ್ಷ. ಊರಿನ ಕೂಲಿಯಾಳುಗಳು ಅದನ್ನು ಬಂಡೆಯಿಂದ ಬಿಡಿಸಿ ತೆಗೆದರು.

ಅದು ಮೊಸಳೆಯೆಂದು ಅನೇಕರು ಭಾವಿಸಿದರು. ಆದರೆ ಅದು ಮೊಸಳೆಯಲ್ಲ, ಮೀನಲ್ಲ, ಡೈನೋಸಾರ್ ಕೂಡ ಅಲ್ಲ. ಸಮುದ್ರದಲ್ಲಿ ಈಜುತ್ತ ಬದುಕಿದ್ದ ಸರೀಸೃಪ. ಮುಂದೆ ಅದಕ್ಕೆ ಇಕ್ತಿಯೋಸಾರ್ ಎಂಬ ಹೆಸರು ಬಂತು. ಮೀನು-ಹಲ್ಲಿ ಎಂದು ಅದರ ಅರ್ಥ.

ಈಗ ಅದರ ಪ್ರಯಾಣವನ್ನು ಗಮನಿಸಿ. ಊರಿನ ಜಮೀನ್ದಾರರು ಅದನ್ನು ಸುಮಾರು 23 ಪೌಂಡಿಗೆ ಕೊಂಡರು. ಅವರಿಂದ ಅದು ಲಂಡನ್ನಿನ ವಿಲಿಯಂ ಬುಲಕ್ ಎಂಬವರ ಪ್ರದರ್ಶನಾಲಯಕ್ಕೆ ಹೋಯಿತು. ಸಾವಿರಾರು ಜನ ನೋಡಿದರು. 1814ರಲ್ಲಿ ಎವರಾರ್ಡ್ ಹೋಮ್ ಎಂಬ ವೈದ್ಯರು ಅದರ ಬಗ್ಗೆ ವಿಜ್ಞಾನ ಲೇಖನ ಬರೆದರು. 1819ರಲ್ಲಿ ಹರಾಜಿನಲ್ಲಿ ಬ್ರಿಟಿಷ್ ಮ್ಯೂಸಿಯಂ ಅದನ್ನು 45 ಪೌಂಡ್ ಚಿಲ್ಲರೆಗೆ ಕೊಂಡಿತು. ಇಷ್ಟು ಕೈ ಬದಲಾಗುವಾಗ ಎರಡು ಮಕ್ಕಳ ಹೆಸರು ಎಲ್ಲೋ ಕಳೆದುಹೋಯಿತು. ಹೋಮ್ ಅವರ ಲೇಖನದಲ್ಲಿ ಜೋಸೆಫ್ ಇಲ್ಲ, ಮೇರಿ ಇಲ್ಲ. ಆ ತಲೆಬುರುಡೆ ಮಾತ್ರ ಇಂದಿಗೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಇದೆ. ಮೇರಿ ಕಂಡ ದೇಹದ ಭಾಗ ಕಾಣೆಯಾಗಿದೆ.

ದುಡ್ಡನ್ನು ಹಂಚಿದವರು

ಎಲ್ಲರೂ ಹಾಗಿರಲಿಲ್ಲ. ಥಾಮಸ್ ಬರ್ಚ್ ಎಂಬ ನಿವೃತ್ತ ಸೈನ್ಯಾಧಿಕಾರಿ ಆನಿಂಗ್ ಕುಟುಂಬದಿಂದ ಅನೇಕ ಪಳೆಯುಳಿಕೆಗಳನ್ನು ಕೊಂಡು ದೊಡ್ಡ ಸಂಗ್ರಹ ಮಾಡಿದ್ದರು. ಒಂದು ಸಲ ಅವರು ಬಂದಾಗ, ವರ್ಷವಿಡೀ ಒಳ್ಳೆಯದೇನೂ ಸಿಗದೆ, ಬಾಡಿಗೆ ಕಟ್ಟಲು ಆ ಮನೆಯವರು ಮೇಜು ಕುರ್ಚಿ ಮಾರಲು ಹೊರಟಿದ್ದರು. ತನ್ನ ಕಪಾಟಿನಲ್ಲಿರುವ ಚೆಂದದ ವಸ್ತುಗಳನ್ನೆಲ್ಲ ಹುಡುಕಿ ಕೊಟ್ಟವರು ಇವರೇ ಅಲ್ಲವೇ ಎಂದು ಬರ್ಚ್ ಅವರಿಗೆ ಅನಿಸಿತು. 1820ರ ಮೇ ತಿಂಗಳಲ್ಲಿ ಅವರು ತಮ್ಮ ಸಂಗ್ರಹವನ್ನು ಲಂಡನ್ನಿನಲ್ಲಿ ಹರಾಜು ಹಾಕಿಸಿದರು. ಪ್ಯಾರಿಸ್, ವಿಯೆನ್ನಾದಿಂದಲೂ ಬೇಡಿಕೆ ಬಂತು. ಸುಮಾರು 400 ಪೌಂಡ್ ಬಂದಿತು. ಆ ಹಣವನ್ನು ಆನಿಂಗ್ ಕುಟುಂಬಕ್ಕೆ ಕೊಟ್ಟರು.

ಹಣ ಒಂದು ಕಡೆ ಇರಲಿ. ಆ ಹರಾಜಿನಿಂದ ಆ ಬಡಮನೆಯ ಹೆಸರು ಯುರೋಪಿನ ವಿಜ್ಞಾನಿಗಳ ಕಿವಿಗೆ ಬಿತ್ತು. ನನಗಂತೂ ಈ ಬರ್ಚ್ ಬಹಳ ಇಷ್ಟವಾಗುತ್ತಾರೆ. ದಾನ ಮಾಡಿದ್ದಕ್ಕಲ್ಲ, ತನ್ನ ಸಂಗ್ರಹ ತನ್ನೊಬ್ಬನದಲ್ಲ ಎಂದು ಅರಿತದ್ದಕ್ಕೆ.

ಗೆಳತಿ ಮತ್ತು ಮಸಿ

ಮೇರಿಯ ಜೊತೆ ತೀರದಲ್ಲಿ ಅಡ್ಡಾಡಿದವರಲ್ಲಿ ಎಲಿಜಬೆತ್ ಫಿಲ್ಪಾಟ್ ಅವರನ್ನು ಮರೆಯುವಂತಿಲ್ಲ. ಫಿಲ್ಪಾಟ್ ಅಕ್ಕತಂಗಿಯರು ಮೂವರು 1805ರಲ್ಲಿ ಲೈಮ್‌ಗೆ ಬಂದು ನೆಲೆಸಿದ್ದರು. ಅನುಕೂಲಸ್ಥರು. ಎಲಿಜಬೆತ್ ಮೇರಿಗಿಂತ ಸುಮಾರು 20 ವರ್ಷ ದೊಡ್ಡವರು. ಆ ಕಾಲದ ಇಂಗ್ಲೆಂಡಿನಲ್ಲಿ ಸಿರಿವಂತ ಮನೆಯ ಹೆಂಗಸು ಬಡಗಿಯ ಮಗಳ ಜೊತೆ ಕೆಸರಿನಲ್ಲಿ ಕಾಲಿಡುತ್ತ ನಡೆಯುವುದು ಸಾಮಾನ್ಯ ಸಂಗತಿಯಲ್ಲ. ಭೂವಿಜ್ಞಾನ ಓದು ಎಂದು ಮೇರಿಗೆ ಒತ್ತಾಯ ಮಾಡಿದವರೂ ಇವರೇ.

ಮೇರಿ ಓದಿದಳು. ಹೇಗೆ ಗೊತ್ತೇ? ಪುಸ್ತಕ, ಪತ್ರಿಕೆಗಳನ್ನು ಕೊಳ್ಳುವಷ್ಟು ದುಡ್ಡಿಲ್ಲ. ಯಾರಿಂದಲೋ ಲೇಖನ ಎರವಲು ತಂದು ಪೂರ್ತಿ ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದಳು, ಚಿತ್ರಗಳ ಸಮೇತ. ಮೀನುಗಳನ್ನು ತಂದು ಕತ್ತರಿಸಿ ಒಳಗಿನ ಮೂಳೆಗಳನ್ನು ನೋಡುತ್ತಿದ್ದಳು. ಈಗ ಬದುಕಿರುವ ಪ್ರಾಣಿಯ ದೇಹ ತಿಳಿದರೆ ಕಲ್ಲಿನಲ್ಲಿರುವ ಪ್ರಾಣಿಯೂ ಅರ್ಥವಾಗುತ್ತದೆ. ವಿಜ್ಞಾನದಲ್ಲಿ ಈ ಹೋಲಿಕೆ ಬಹಳ ದೊಡ್ಡ ಸಾಧನ.

ಹೀಗೆ ನೋಡುವಾಗಲೇ 1826ರಲ್ಲಿ ಬೆಲೆಮ್ನೈಟ್ ಎಂಬ ಜೀವಿಯ ಪಳೆಯುಳಿಕೆಯಲ್ಲಿ ಒಣಗಿದ ಒಂದು ಚೀಲ ಆಕೆಯ ಕಣ್ಣಿಗೆ ಬಿತ್ತು. ಒಳಗೆ ಕಪ್ಪು ಪದಾರ್ಥ. ಸ್ಕ್ವಿಡ್‌ಗಳು ಶತ್ರುವಿನಿಂದ ತಪ್ಪಿಸಿಕೊಳ್ಳಲು ನೀರಿನಲ್ಲಿ ಮಸಿ ಉಗುಳುತ್ತವೆ ಎಂದು ನೀವು ಓದಿರಬಹುದು. ಇದೂ ಅದೇ ಮಸಿ! ಮೇರಿ ಅದನ್ನು ಎಲಿಜಬೆತ್‌ಗೆ ತೋರಿಸಿದಳು. ಎಲಿಜಬೆತ್ ಅದನ್ನು ಪುಡಿಮಾಡಿ ನೀರು ಬೆರೆಸಿದರು, ಕುಂಚ ಅದ್ದಿದರು, ಇಕ್ತಿಯೋಸಾರ್ ತಲೆಯ ಚಿತ್ರ ಬರೆದರು. ಸುಮಾರು 20 ಕೋಟಿ ವರ್ಷ ಹಳೆಯ ಪ್ರಾಣಿಯ ಚಿತ್ರವನ್ನು ಅದರ ಕಾಲದ್ದೇ ಮಸಿಯಲ್ಲಿ ಬರೆದಂತಾಯಿತು. ಊರಿನ ಇತರ ಕಲಾವಿದರೂ ಆ ಮಸಿಯನ್ನು ಬಳಸಲು ಆರಂಭಿಸಿದರು. ಗುಟ್ಟು ಮಾಡದೆ ಹಂಚಿದ್ದರಿಂದ ಒಬ್ಬಳ ಕಣ್ಣು, ಇನ್ನೊಬ್ಬಳ ಕೈ ಸೇರಿ ಇಷ್ಟಾಯಿತು.

ಗುಂಪಿನಲ್ಲಿ ನಡೆದ ದಿನಗಳು

ಬಕ್‌ಲ್ಯಾಂಡ್ ಅವರ ಹೆಸರನ್ನು ಮೊದಲೇ ಹೇಳಿದೆ. ಲೈಮ್‌ಗೆ ಹತ್ತಿರದ ಊರಿನಲ್ಲೇ ಹುಟ್ಟಿದವರು. ಕಲ್ಲು ತುಂಬಿಕೊಳ್ಳಲು ಒಂದು ದೊಡ್ಡ ನೀಲಿ ಚೀಲ ಹಿಡಿದು ತಿರುಗುತ್ತಿದ್ದ ವಿಚಿತ್ರ ಮನುಷ್ಯ. ಹೆನ್ರಿ ಡಿ ಲಾ ಬೀಚ್ ಎಂಬ ಇನ್ನೊಬ್ಬರು ಹುಡುಗನಾಗಿದ್ದಾಗಲೇ ಲೈಮ್‌ಗೆ ಬಂದು ಆನಿಂಗ್ ಮಕ್ಕಳ ಜೊತೆ ಸುತ್ತಾಡಿದವರು. ಮುಂದೆ ಬ್ರಿಟನ್ನಿನ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಆರಂಭಿಸಿದವರು ಇವರೇ. 1825ರಲ್ಲಿ ಷಾರ್ಲಟ್ ಮರ್ಚಿಸನ್ ಎಂಬ ಮಹಿಳೆ ಲೈಮ್‌ನಲ್ಲಿ ಉಳಿದುಕೊಂಡು ಮೇರಿಯ ಜೊತೆ ಪಳೆಯುಳಿಕೆ ಹುಡುಕುವುದನ್ನು ಕಲಿತರು. ಕೊನೆಯವರೆಗೂ ಗೆಳತಿಯಾಗಿದ್ದರು.

ಅಂಥ ಒಂದು ಗುಂಪಿನಲ್ಲಿ ನೀವೂ ಇದ್ದೀರಿ ಎಂದುಕೊಳ್ಳಿ. ಸಮುದ್ರ ಹಿಂದೆ ಸರಿದಾಗ, ಅಂದರೆ ಇಳಿತದ ಹೊತ್ತಿಗೆ ಹೊರಡಬೇಕು. ಉಬ್ಬರ ಬರುವ ಮೊದಲೇ ವಾಪಸಾಗಬೇಕು. ಇಲ್ಲದಿದ್ದರೆ ಮುಂದೆ ನೀರು, ಹಿಂದೆ ಗೋಡೆ! ಕಣ್ಣು ಹುಡುಕಬೇಕಾದ್ದು ಇಡೀ ಪ್ರಾಣಿಯನ್ನಲ್ಲ. ಕಲ್ಲಿನಲ್ಲಿ ಕಾಣುವ ಒಂದು ಹೊಳಪು, ಒಂದು ಸುರುಳಿ, ಬಣ್ಣದ ಒಂದು ವ್ಯತ್ಯಾಸ. ಒಂದು ಬೆನ್ನುಮೂಳೆಯ ತುಂಡು ಕಂಡರೆ ಅದರ ಸುತ್ತ ನಿಧಾನವಾಗಿ ಉಳಿ ಆಡಿಸಬೇಕು. ಅವಸರಪಟ್ಟರೆ 20 ಕೋಟಿ ವರ್ಷ ಉಳಿದದ್ದು ಒಂದು ಪೆಟ್ಟಿಗೆ ಪುಡಿಯಾದೀತು. ದೊಡ್ಡದಾದರೆ ಬಂಡೆಯ ಸಮೇತ ಕಿತ್ತು ತರಬೇಕು. ಮನೆಯಲ್ಲಿ ಕುಳಿತು ವಾರಗಟ್ಟಲೆ ಕಲ್ಲನ್ನು ಸವರಿ ಮೂಳೆಯನ್ನು ಬಿಡಿಸಬೇಕು. ಯಾವ ಮೂಳೆ ಯಾವುದರ ಪಕ್ಕ ಇತ್ತು ಎಂಬುದು ಬಹಳ ಮುಖ್ಯ.

ಇದು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ನಗಬೇಡಿ. ಆ ತೀರದಲ್ಲಿ ಉರುಟಾದ ಕೆಲವು ಕಲ್ಲುಗಳು ಸಿಗುತ್ತಿದ್ದವು. ಅವು ಏನೆಂದು ಯಾರಿಗೂ ಗೊತ್ತಿರಲಿಲ್ಲ. ಇಕ್ತಿಯೋಸಾರ್‌ಗಳ ಹೊಟ್ಟೆಯ ಜಾಗದಲ್ಲೇ ಅವು ಸಿಗುತ್ತವೆ ಎಂಬುದನ್ನು ಮೇರಿ ಗಮನಿಸಿದಳು. ಒಡೆದು ನೋಡಿದರೆ ಒಳಗೆ ಮೀನಿನ ಮೂಳೆ, ಮೀನಿನ ಹುರುಪೆ! ಇದನ್ನೆಲ್ಲ ಬಕ್‌ಲ್ಯಾಂಡ್‌ಗೆ ತಿಳಿಸಿದಳು. ಅವರು ಇನ್ನಷ್ಟು ಪರೀಕ್ಷಿಸಿ 1829ರಲ್ಲಿ ಅದೇನೆಂದು ಹೇಳಿದರು: ಕಲ್ಲಾದ ಮಲ. ಕಾಪ್ರೊಲೈಟ್ ಎಂದು ಹೆಸರಿಟ್ಟರು. ಸತ್ತುಹೋದ ಪ್ರಾಣಿ ಊಟಕ್ಕೆ ಏನು ತಿನ್ನುತ್ತಿತ್ತು ಎಂದು ತಿಳಿಯುವ ದಾರಿ ಇದರಿಂದ ತೆರೆಯಿತು. ಈ ಸಲ ಬಕ್‌ಲ್ಯಾಂಡ್ ತಮ್ಮ ವರದಿಯಲ್ಲಿ ಮೇರಿಯ ನೆರವನ್ನು ಹೆಸರು ಹೇಳಿ ನೆನೆದರು. 1828ರ ಡಿಸೆಂಬರಿನಲ್ಲಿ ಆಕೆಗೆ ಸಿಕ್ಕಿದ ಹಾರುವ ಸರೀಸೃಪದ ವಿಷಯದಲ್ಲೂ ಹಾಗೆಯೇ ಮಾಡಿದರು. ಟೆರೋಸಾರ್ ಗುಂಪಿನ ಆ ಜೀವಿಗೆ ಈಗ ಡೈಮಾರ್ಫೊಡಾನ್ ಎಂಬ ಹೆಸರಿದೆ.

ಉದ್ದ ಕುತ್ತಿಗೆಯ ತಕರಾರು

ಇನ್ನು ಆಗದೇ ಹೋದದ್ದನ್ನೂ ಹೇಳಬೇಕಲ್ಲ. 1823ರ ಡಿಸೆಂಬರ್ 10ರಂದು ಮೇರಿಗೆ ಒಂದು ಪೂರ್ಣ ಅಸ್ಥಿಪಂಜರ ಸಿಕ್ಕಿತು. ಒಂಬತ್ತು ಅಡಿ ಉದ್ದ. ಪುಟ್ಟ ತಲೆ, ಹುಟ್ಟಿನಂತಹ ನಾಲ್ಕು ಕಾಲು, ಹಾವಿನಂತಹ ಕುತ್ತಿಗೆ. ಇದೇ ಪ್ಲೀಸಿಯೋಸಾರ್. ನಿಮ್ಮ ಕುತ್ತಿಗೆಯಲ್ಲಿ ಏಳು ಮೂಳೆಗಳಿವೆ. ಜಿರಾಫೆಯ ಕುತ್ತಿಗೆಯಲ್ಲೂ ಏಳೇ. ಇದರಲ್ಲಿ 35 ಎಂದು ಲೆಕ್ಕ ಹಾಕಿದರು!

ಪ್ಯಾರಿಸ್ಸಿನಲ್ಲಿ ಜಾರ್ಜ್ ಕೂವಿಯೇ ಎಂಬ ಮಹಾ ವಿಜ್ಞಾನಿ ಇದ್ದರು. ಪ್ರಾಣಿಗಳ ಮೂಳೆಯ ವಿಷಯದಲ್ಲಿ ಅವರದೇ ಕೊನೆಯ ಮಾತು. ಚಿತ್ರ ನೋಡಿದ ಅವರು, ಇಷ್ಟು ಉದ್ದದ ಕುತ್ತಿಗೆ ಸಾಧ್ಯವಿಲ್ಲ, ಬೇರೆ ಪ್ರಾಣಿಯ ಮೂಳೆಗಳನ್ನು ಸೇರಿಸಿರಬಹುದು ಎಂದು ಅನುಮಾನಪಟ್ಟರು. ಯೋಚಿಸಿ ನೋಡಿ. ಕೂವಿಯೇ ಅಂಥವರು ನಕಲಿ ಎಂದರೆ ಆಮೇಲೆ ಮೇರಿಯಿಂದ ಒಂದು ಚಿಪ್ಪನ್ನಾದರೂ ಯಾರು ಕೊಳ್ಳುತ್ತಾರೆ? ಮನೆ ನಡೆಯುತ್ತಿದ್ದುದೇ ಆ ನಂಬಿಕೆಯ ಮೇಲೆ.

ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಚರ್ಚೆಯಾಯಿತು. ಹಡಗಿನಲ್ಲಿ ಬಂದ ಅಸ್ಥಿಪಂಜರ ಎಷ್ಟು ದೊಡ್ಡದಿತ್ತೆಂದರೆ ಸಂಘದ ಕಟ್ಟಡದ ಮೆಟ್ಟಿಲ ಮೇಲೆ ಹತ್ತಿಸಲಾಗದೆ ಕೆಳಗಿನ ಹಾದಿಯಲ್ಲೇ ಇಡಬೇಕಾಯಿತು. 1824ರ ಫೆಬ್ರವರಿ 20ರ ಸಭೆಯಲ್ಲಿ ಕಾನಿಬೇರ್ ಅದನ್ನು ವಿವರಿಸಿದರು. ಅದು ಅಸಲಿ ಎಂದು ಖಚಿತವಾಯಿತು. ಕೂವಿಯೇ ಕೂಡ ತಾವು ಅವಸರಪಟ್ಟದ್ದು ನಿಜವೆಂದು ಒಪ್ಪಿದರು. ಒಳ್ಳೆಯ ವಿಜ್ಞಾನಿಯ ಲಕ್ಷಣ ಅದು.

ಆದರೆ ಆ ಸಭೆಯಲ್ಲಿ ಮೇರಿ ಇರಲಿಲ್ಲ. ಸಂಘಕ್ಕೆ ಹೆಂಗಸರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಅದಿರಲಿ, ಕಾನಿಬೇರ್ ತಮ್ಮ ಭಾಷಣದಲ್ಲಿ ಆಕೆಯ ಹೆಸರನ್ನೇ ಎತ್ತಲಿಲ್ಲ. ಕುತ್ತಿಗೆಯ ಒಂದೊಂದು ಮೂಳೆಯನ್ನೂ ಇದ್ದ ಜಾಗದಲ್ಲೇ ಇರುವಂತೆ ಬಿಡಿಸಿ ತೆಗೆದದ್ದರಿಂದಲೇ ಅಲ್ಲವೇ ಅದು ಅಸಲಿ ಎಂದು ಸಾಧಿಸಲು ಆದದ್ದು? ಮಾಡಿದವಳ ಹೆಸರು ಹೇಳಲು ಎಷ್ಟು ಹೊತ್ತು ಬೇಕಿತ್ತು?

ಮೇರಿಗೆ ಇದು ನೋಯದೇ ಇರಲಿಲ್ಲ. ಆಕೆಯ ಜೊತೆ ತೀರದಲ್ಲಿ ಅಡ್ಡಾಡುತ್ತಿದ್ದ ಆ್ಯನಾ ಪಿನ್ನಿ ಎಂಬ ಯುವತಿ ಇದನ್ನು ದಾಖಲಿಸಿದ್ದಾಳೆ. ವಿದ್ವಾಂಸರು ತನ್ನಿಂದ ವಿಷಯ ತಿಳಿದುಕೊಂಡು ಬರೆದು ಹೆಸರು ಮಾಡಿದರು, ತನಗೇನೂ ಬರಲಿಲ್ಲ ಎಂಬ ಕಹಿ ಮೇರಿಗಿತ್ತು. ಆಕೆಯ ಬರಹವೆಂದು ಬದುಕಿದ್ದಾಗ ಅಚ್ಚಾದದ್ದು ಒಂದೇ ಒಂದು: 1839ರಲ್ಲಿ ಒಂದು ಪತ್ರಿಕೆಯಲ್ಲಿ ಪ್ರಕಟವಾದ ಆಕೆಯ ಪತ್ರದ ಭಾಗ. ಅದರಲ್ಲೂ ಆಕೆ ಮಾಡಿದ್ದು ಪಳೆಯುಳಿಕೆ ಶಾರ್ಕ್ ಒಂದರ ಬಗ್ಗೆ ಬೇರೆಯವರು ಹೇಳಿದ್ದನ್ನು ತಿದ್ದುವ ಕೆಲಸವೇ!

ಚಿತ್ರ, ನಾಯಿ, ಮೀನು

1830ರ ಹೊತ್ತಿಗೆ ವ್ಯಾಪಾರ ಕುಸಿದಿತ್ತು. ಆಗ ಬಾಲ್ಯದ ಗೆಳೆಯ ಡಿ ಲಾ ಬೀಚ್ ಒಂದು ಉಪಾಯ ಮಾಡಿದರು. ಮೇರಿ ಹುಡುಕಿದ ಪ್ರಾಣಿಗಳೆಲ್ಲ ಬದುಕಿದ್ದಾಗ ಆ ಸಮುದ್ರ ಹೇಗಿದ್ದಿರಬಹುದು? ಇಕ್ತಿಯೋಸಾರ್ ಪ್ಲೀಸಿಯೋಸಾರ್‌ನ ಕುತ್ತಿಗೆಗೆ ಬಾಯಿ ಹಾಕಿದೆ, ಟೆರೋಸಾರ್‌ಗಳು ಮೇಲೆ ಹಾರುತ್ತಿವೆ. ಹೀಗೊಂದು ಚಿತ್ರ ಬರೆದರು. ಅದರ ಅಚ್ಚು ಪ್ರತಿಗಳನ್ನು ಗೆಳೆಯರಿಗೆ ಮಾರಿ ಬಂದ ಹಣವನ್ನು ಮೇರಿಗೆ ಕೊಟ್ಟರು. ಇಂದು ನಿಮ್ಮ ಪುಸ್ತಕಗಳಲ್ಲಿ ಡೈನೋಸಾರ್ ಕಾಲದ ಕಾಡು, ಕೆರೆಗಳ ಬಣ್ಣದ ಚಿತ್ರ ನೋಡುತ್ತೀರಲ್ಲ, ಅಂಥ ಚಿತ್ರಗಳ ಪರಂಪರೆ ಶುರುವಾದದ್ದು ಹೀಗೆ, ಒಬ್ಬ ಗೆಳತಿಯ ಕಷ್ಟಕ್ಕೆ.

ಮೇರಿಯ ಜೊತೆ ಯಾವಾಗಲೂ ಟ್ರೇ ಎಂಬ ನಾಯಿ ಇರುತ್ತಿತ್ತು. 1833ರ ಅಕ್ಟೋಬರಿನಲ್ಲಿ ದಿಬ್ಬ ಕುಸಿದು ಆಕೆಯ ಕಣ್ಣೆದುರೇ ಟ್ರೇ ಮಣ್ಣಿನಡಿ ಸಿಕ್ಕಿ ಸತ್ತಿತು. ಮೇರಿ ಕೂದಲೆಳೆಯಲ್ಲಿ ಪಾರಾದಳು. ಮತ್ತೆ ತೀರಕ್ಕೆ ಹೋಗುವುದನ್ನು ಬಿಡಲಿಲ್ಲ.

1834ರಲ್ಲಿ ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ ಬಂದರು. ಪಳೆಯುಳಿಕೆ ಮೀನುಗಳ ತಜ್ಞರು. ಮೇರಿ ಮತ್ತು ಎಲಿಜಬೆತ್ ತಮಗೆ ಗೊತ್ತಿದ್ದ ಮೀನುಗಳನ್ನೆಲ್ಲ ಅವರಿಗೆ ತೋರಿಸಿ ವಿವರಿಸಿದರು. ಅಗಾಸಿ ಬೆರಗಾದರು. ಮುಂದೆ ಎರಡು ಪ್ರಾಚೀನ ಮೀನುಗಳಿಗೆ ಮೇರಿಯ ಹೆಸರನ್ನೂ ಇನ್ನೊಂದಕ್ಕೆ ಎಲಿಜಬೆತ್ ಹೆಸರನ್ನೂ ಇಟ್ಟರು. ಆಕೆ ಬದುಕಿದ್ದಾಗ ಆಕೆಯ ಹೆಸರಿಟ್ಟು ಗೌರವಿಸಿದವರು ಇವರೊಬ್ಬರೇ. ಅದೂ ಹೊರದೇಶದವರು.

1835ರಲ್ಲಿ ಹೂಡಿದ್ದ ಹಣ ಕಳೆದುಕೊಂಡು ಮೇರಿ ಮತ್ತೆ ಬರಿಗೈಯಾದಳು. ಬಕ್‌ಲ್ಯಾಂಡ್ ಓಡಾಡಿ ಆಕೆಗೆ ವರ್ಷಕ್ಕೆ 25 ಪೌಂಡ್ ಪಿಂಚಣಿ ಬರುವಂತೆ ಮಾಡಿದರು. 1844ರಲ್ಲಿ ಸ್ಯಾಕ್ಸನಿಯ ದೊರೆ ಆಕೆಯ ಪುಟ್ಟ ಅಂಗಡಿಗೆ ಬಂದು ಒಂದು ಇಕ್ತಿಯೋಸಾರ್ ಕೊಂಡು ಹೋದರು.

1847ರ ಮಾರ್ಚ್ 9ರಂದು ಮೇರಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಳು. ವಯಸ್ಸು 47. ಕಾಯಿಲೆಯ ದಿನಗಳಲ್ಲಿ ಭೂವಿಜ್ಞಾನ ಸಂಘದ ಸದಸ್ಯರು ಖರ್ಚಿಗೆ ಹಣ ಸೇರಿಸಿ ಕೊಟ್ಟಿದ್ದರು. ಆಗ ಸಂಘದ ಅಧ್ಯಕ್ಷರಾಗಿದ್ದ ಡಿ ಲಾ ಬೀಚ್ ಆಕೆಯ ಬಗ್ಗೆ ಶ್ರದ್ಧಾಂಜಲಿ ಬರೆದು ಸಭೆಯಲ್ಲಿ ಓದಿದರು. ಬದುಕಿದ್ದಾಗ ಬಾಗಿಲು ತೆರೆಯದ ಸಭೆ ಅದು. ಆ ಸಂಘ ಮಹಿಳೆಯರನ್ನು ಸದಸ್ಯರನ್ನಾಗಿ ಆರಿಸಿದ್ದು 1919ರಲ್ಲಿ, ಅಂದರೆ ಆಕೆ ತೀರಿಕೊಂಡು 72 ವರ್ಷಗಳ ನಂತರ! 2015ರಲ್ಲಿ ಒಂದು ಜಾತಿಯ ಇಕ್ತಿಯೋಸಾರ್‌ಗೆ ಆಕೆಯ ಹೆಸರು ಬಂತು. 2022ರ ಮೇ 21ರಂದು, ಆಕೆಯ ಹುಟ್ಟುಹಬ್ಬದ ದಿನ, ಲೈಮ್‌ನಲ್ಲಿ ಆಕೆಯ ಪ್ರತಿಮೆ ನಿಂತಿತು. ಪ್ರತಿಮೆ ಬೇಕೆಂದು ಚಳವಳಿ ಶುರುಮಾಡಿದವಳು ಒಬ್ಬ ಶಾಲಾ ಬಾಲಕಿ. ಪ್ರತಿಮೆಯ ಪಕ್ಕದಲ್ಲಿ ಟ್ರೇ ಕೂಡ ಇದೆ.

ನಮ್ಮಲ್ಲಿ ಇಂಥವು ಸಿಗುತ್ತವೆಯೇ ಎಂದು ನೀವು ಕೇಳಿಯೇ ಕೇಳುತ್ತೀರಿ. ದಕ್ಷಿಣ ಕರ್ನಾಟಕದ ಬಹುಪಾಲು ಬಂಡೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಮೂಳೆಯಿರುವ ಪ್ರಾಣಿಗಳು ಆಗಿನ್ನೂ ಹುಟ್ಟಿರಲೇ ಇಲ್ಲ. ಪಕ್ಕದ ತಮಿಳುನಾಡಿನ ಅರಿಯಲೂರಿನಲ್ಲಿ ಅಮೋನೈಟ್‌ಗಳು ಧಾರಾಳವಾಗಿ ಸಿಗುತ್ತವೆ. ಗುಜರಾತಿನ ಕಚ್ಛ್‌ನಲ್ಲಿ ಸುಮಾರು ಐದೂವರೆ ಮೀಟರ್ ಉದ್ದದ, ಬಹುತೇಕ ಪೂರ್ಣವಾದ ಇಕ್ತಿಯೋಸಾರ್ ಸಿಕ್ಕಿದ್ದನ್ನು ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳ ತಂಡ 2017ರಲ್ಲಿ ಪ್ರಕಟಿಸಿತು. ಆ ಲೇಖನದ ಮೇಲೆ ತಂಡದವರ ಹೆಸರುಗಳು ಸಾಲಾಗಿ ಇವೆ.

ಮೇರಿ ಹುಟ್ಟಿದ ಮನೆಯ ಜಾಗದಲ್ಲಿ ಈಗ ಲೈಮ್‌ನ ವಸ್ತುಸಂಗ್ರಹಾಲಯ ಇದೆ. ಅಲ್ಲಿಂದ ಇಂದಿಗೂ ಮಕ್ಕಳು, ದೊಡ್ಡವರು ಗುಂಪಾಗಿ ಪಳೆಯುಳಿಕೆ ಹುಡುಕಲು ತೀರಕ್ಕೆ ಹೋಗುತ್ತಾರೆ, ಉಬ್ಬರ-ಇಳಿತದ ವೇಳೆ ನೋಡಿಕೊಂಡೇ. ದಿಬ್ಬವನ್ನು ಅಗೆಯುವಂತಿಲ್ಲ; ತಾನಾಗಿ ಬಿದ್ದ ಕಲ್ಲುಗಳಲ್ಲಿ ಹುಡುಕಬೇಕು. ಸಿಕ್ಕಿದ ಸಣ್ಣ ಅಮೋನೈಟನ್ನು ಮನೆಗೆ ಒಯ್ಯಬಹುದು. ವಿಜ್ಞಾನಕ್ಕೆ ಮುಖ್ಯವಾದದ್ದು ಸಿಕ್ಕಿದರೆ ಪಕ್ಕದ ಚಾರ್ಮತ್ ಎಂಬ ಊರಿನ ಕೇಂದ್ರದಲ್ಲಿ ದಾಖಲೆ ಮಾಡಿಸಬೇಕು. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು ಎಂದು ಅಲ್ಲಿ ಬರೆದುಕೊಳ್ಳುತ್ತಾರೆ. ಜೊತೆಗೆ, ಯಾರಿಗೆ ಸಿಕ್ಕಿತು ಎಂಬುದನ್ನೂ.